ಮಕ್ಕಳ ದನಿಗೆ ತರಗತಿಯಲ್ಲಿ ಜಾಗ: ಕೊಡಗಿನ ಶಿಕ್ಷಕರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯ ಊಟದ ಬಿಡುವಿನಲ್ಲಿ, ಪೋಷಕರ ಸಭೆ ಮುಗಿದ ಮೇಲೆ ಗೇಟಿನ ಹತ್ತಿರ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಪೂರ್ತಿ ಓದಲೇಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಯಾವುದೋ ಅದನ್ನಷ್ಟೇ ಓದಿಕೊಳ್ಳಬಹುದು.

## ಶುರುವಿನ ಪ್ರಶ್ನೆಗಳು

ಮಕ್ಕಳ ಮಾತು ಕೇಳಬೇಕು ಅಂತೀರಿ. ಅಂದ್ರೆ ಕ್ಲಾಸು ಅವರು ಹೇಳಿದ ಹಾಗೆ ನಡೀಬೇಕಾ?

ಇಲ್ಲ. ಏಳನೇ ತರಗತಿಗೆ ಭಿನ್ನರಾಶಿ ಬೇಕೋ ಬೇಡವೋ ಎಂಬುದನ್ನು ಯಾರೂ ಮಕ್ಕಳ ಮುಂದೆ ಮತಕ್ಕೆ ಹಾಕುವುದಿಲ್ಲ. ತುಂಬಿ ಹರಿಯುವ ತೋಡನ್ನು ದಾಟಿ ಶಾಲೆಗೆ ಬರಬಹುದೇ ಎಂಬುದನ್ನೂ ಹಾಕುವುದಿಲ್ಲ. ಅವು ದೊಡ್ಡವರ ಹೊಣೆ, ಮಕ್ಕಳ ಹೆಗಲಿಗೆ ದಾಟಿಸುವಂಥವಲ್ಲ. ಆದರೆ ಗುಂಪುಗಳನ್ನು ಹೇಗೆ ಮಾಡೋಣ, ಹೋಂವರ್ಕ್ ಎಷ್ಟಿರಲಿ, ಬಸ್ಸು ತಪ್ಪಿ ತಡವಾಗಿ ಬಂದವರಿಗೆ ಆಗಿಹೋದ ಪಾಠ ಯಾರು ಹೇಳಿಕೊಡಲಿ, ಗ್ರಂಥಾಲಯದ ಪುಸ್ತಕ ಒಬ್ಬರ ಬಳಿ ಎಷ್ಟು ದಿನ ಇರಲಿ ಎಂಬ ವಿಷಯಗಳಲ್ಲಿ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುವ ಸಂಗತಿಗಳಿವೆ. ಯಾವ ತೀರ್ಮಾನ ನನ್ನದು, ಯಾವುದು ನಮ್ಮೆಲ್ಲರದು, ಯಾವುದು ಪೂರ್ತಿ ನಿಮ್ಮದು ಎಂದು ಶಿಕ್ಷಕರು ಮೊದಲೇ ಬಿಡಿಸಿ ಹೇಳಿದರೆ ಗೊಂದಲ ಬಹುಪಾಲು ಅಲ್ಲೇ ಮುಗಿಯುತ್ತದೆ. ಎಲ್ಲವೂ ನಿಮ್ಮದೇ ಎಂದು ಹೇಳಿ ಕೊನೆಗೆ ತಾವೇ ತೀರ್ಮಾನಿಸಿದಾಗ ಮಕ್ಕಳು ನಂಬಿಕೆ ಕಳೆದುಕೊಳ್ಳುತ್ತಾರೆ. ಆ ನಂಬಿಕೆ ಮತ್ತೆ ಸಿಗುವುದು ಬಹಳ ಕಷ್ಟ.

ಇದಕ್ಕೆ ಕಾನೂನಿನ ಆಧಾರ ಇದೆಯಾ, ಇಲ್ಲಾ ನಿಮ್ಮಂಥವರ ಆದರ್ಶವಾ?

ಆಧಾರ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡಿ. ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಸಬೇಕು, ಅದು ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎಂದು ಅಲ್ಲಿದೆ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇದಕ್ಕೂ ಮೊದಲು, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ಅಭಿಪ್ರಾಯ ಹೇಳಬಹುದು, ಅದರ ವಯಸ್ಸಿಗೂ ಪ್ರಬುದ್ಧತೆಗೂ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ ಅದರ 12ನೇ ವಿಧಿ. ಒಂದರಿಂದ ಮೂರನೇ ತರಗತಿಯವರ ನಲಿ ಕಲಿಯ ಮಗುವಿಗೂ ಎಸ್ಸೆಸ್ಸೆಲ್ಸಿಯ ಮಗುವಿಗೂ ಇದು ಅನ್ವಯಿಸುತ್ತದೆ, ಕೇಳುವ ರೀತಿ ಮಾತ್ರ ಬೇರೆ.

ನಮ್ಮ ಶಾಲೆಯಲ್ಲಿ ಶಾಲಾ ಸಂಸತ್ತು ಇದೆ, ಮೊಬೈಲಿನಲ್ಲೇ ಓಟಿಂಗ್ ಮಾಡಿಸಿ ಪ್ರಧಾನಮಂತ್ರಿಯನ್ನ ಆರಿಸಿದ್ದೀವಿ. ಸಾಲದಾ?

ಒಳ್ಳೆಯ ಶುರು. ಮತ ಹಾಕಲು ಸಾಲು ನಿಂತ ಮಕ್ಕಳ ಮುಖ ನೋಡಿದವರಿಗೆ ಆ ದಿನದ ಸಂಭ್ರಮ ಗೊತ್ತು. ನಾನು ಕೇಳುವುದು ಮರುದಿನದ ಬಗ್ಗೆ. ಚುನಾವಣೆ ಆದ ಮೇಲೆ ನಿಮ್ಮ ಆಹಾರ ಮಂತ್ರಿಯ ಕೆಲಸವೇನು? ಬಿಸಿಯೂಟದ ತಟ್ಟೆ ಜೋಡಿಸುವುದು, ಸಾಲು ನಿಲ್ಲಿಸುವುದು ಇಷ್ಟೇ ಆದರೆ ಅವನು ಮಂತ್ರಿಯಲ್ಲ, ದೊಡ್ಡವರ ಕೆಲಸಕ್ಕೆ ಒಬ್ಬ ಸಹಾಯಕ. ಸಾಂಬಾರು ಖಾರವಾಗಿ ಒಂದನೇ ತರಗತಿಯವರು ಅನ್ನ ಬಿಡುತ್ತಿದ್ದಾರೆ ಎಂದು ಅವನು ಗಮನಿಸಿ, ಅಡುಗೆಯವರ ಜೊತೆ ಕೂತು ಮಾತಾಡಿ, ಮುಂದಿನ ವಾರ ಏನು ಬದಲಾಯಿತೆಂದು ಪ್ರಾರ್ಥನೆಯ ಹೊತ್ತಿಗೆ ಎಲ್ಲರಿಗೂ ಹೇಳಿದರೆ ಆಗ ಅದು ಸಂಸತ್ತು.

ರೋಜರ್ ಹಾರ್ಟ್ ಎಂಬ ಸಂಶೋಧಕರು 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದ್ದರು. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆ ಎಂದೇ ಒಪ್ಪುವುದಿಲ್ಲ: ಮಕ್ಕಳನ್ನು ನಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು. ಅತಿಥಿಗಳು ಬಂದಾಗ ಹೂಗುಚ್ಛ ಹಿಡಿದು ನಿಲ್ಲುವ ಪ್ರಧಾನಮಂತ್ರಿ ಈ ಏಣಿಯಲ್ಲಿ ಎಲ್ಲಿದ್ದಾಳೆ ಎಂದು ನಿಮ್ಮ ಶಾಲೆಯ ಶಿಕ್ಷಕರೆಲ್ಲ ಒಮ್ಮೆ ಕೂತು ಮಾತಾಡಿಕೊಳ್ಳಿ. ಇನ್ನೊಂದು ಮಾತು, ಪ್ರತಿ ವರ್ಷವೂ ಚೆನ್ನಾಗಿ ಓದುವ ಮಗುವೇ ಆರಿಸಿ ಬರುತ್ತಿದ್ದರೆ ಮಕ್ಕಳು ನಿಮಗೆ ಯಾರು ಇಷ್ಟವೋ ಅವರಿಗೆ ಓಟು ಹಾಕುತ್ತಿದ್ದಾರೆ ಎಂದೇ ಅರ್ಥ.

ಸೋಮವಾರವೇ ಶುರು ಮಾಡ್ತೀನಿ ಅಂದ್ರೆ ಯಾವುದರಿಂದ ಶುರು ಮಾಡಲಿ?

ಒಂದೇ ಒಂದು ಸಣ್ಣ, ನಿಜವಾದ ತೀರ್ಮಾನದಿಂದ. ಸಮಿತಿ, ಪೆಟ್ಟಿಗೆ, ಬ್ಯಾನರ್ ಯಾವುದೂ ಈಗ ಬೇಡ. ತಿಂಗಳಿಗೊಮ್ಮೆ ಬರುವ ಬ್ಯಾಗ್ ರಹಿತ ಶನಿವಾರದಲ್ಲಿ ಒಂದು ಪಿರಿಯಡ್ ಹೇಗೆ ಕಳೆಯಬೇಕೆಂದು ಮಕ್ಕಳೇ ಕೂತು ಗೊತ್ತು ಮಾಡಲಿ. ಅವರು ಹೇಳಿದಂತೆಯೇ ಮಾಡಿ. ಮುಗಿದ ಮೇಲೆ ಹತ್ತು ನಿಮಿಷ, ಏನು ಚೆನ್ನಾಯಿತು, ಯಾರಿಗೆ ಬೇಸರವಾಯಿತು ಎಂದು ಕೇಳಿ. ತಾವು ಹೇಳಿದ್ದು ನಡೆಯಿತು ಎಂದು ಮಕ್ಕಳಿಗೆ ಒಮ್ಮೆ ಕಂಡರೆ ಮುಂದಿನ ಸಲ ಅವರ ಮಾತಿನ ತೂಕವೇ ಬೇರೆ.

## ತರಗತಿಯೊಳಗೆ

ಏನು ಕೇಳಿದ್ರೂ ಅದೇ ನಾಲ್ಕು ಮಕ್ಕಳು ಕೈ ಎತ್ತೋದು. ಉಳಿದವರನ್ನ ಮಾತಾಡಿಸೋದು ಹೇಗೆ?

ಮೊದಲು ಕಾಯಿರಿ. ಅಮೆರಿಕದ ತರಗತಿಗಳಲ್ಲಿ ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಮೂರು ಸೆಕೆಂಡು ಕೇಳಲು ಸಣ್ಣದು, ತರಗತಿಯ ಮುಂದೆ ನಿಂತವರಿಗೆ ಬಹಳ ದೊಡ್ಡದು. ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಕೈ ಎತ್ತುವ ಪದ್ಧತಿಯನ್ನೇ ಕೆಲವು ಪಾಠಗಳಲ್ಲಿ ಬಿಟ್ಟುಬಿಡಿ. ಪ್ರಶ್ನೆ ಕೊಟ್ಟು, ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಟ್ಟು, ಆಮೇಲೆ ನಿನ್ನ ಪಕ್ಕದವಳು ಏನು ಹೇಳಿದಳು ಎಂದು ಕೇಳಿ. ಸ್ವಂತ ಉತ್ತರ ಹೇಳಲು ಹೆದರುವ ಮಗು ಗೆಳತಿಯ ಉತ್ತರವನ್ನು ಹೆದರದೆ ಹೇಳುತ್ತದೆ. ನಮ್ಮ ಊರಿಗೆ ಒಗ್ಗುವ ಇನ್ನೊಂದು ಉಪಾಯವಿದೆ. ಚರ್ಚೆಗೆ ಮೊದಲು ಪ್ರತಿಯೊಬ್ಬರಿಗೂ ಮೂರು ಕಾಫಿ ಬೀಜ ಕೊಡಿ, ಒಂದು ಸಲ ಮಾತಾಡಿದರೆ ಒಂದು ಬೀಜ ಮಧ್ಯದ ತಟ್ಟೆಗೆ ಹಾಕಬೇಕು. ಬೀಜ ಮುಗಿದವರು ಉಳಿದವರ ಮಾತು ಕೇಳಬೇಕು. ಹೆಚ್ಚು ಮಾತಾಡುವ ಮಕ್ಕಳು ಬೀಜ ಉಳಿಸಿಕೊಳ್ಳಲು ಯೋಚಿಸಿ ಮಾತಾಡುವುದನ್ನು ಇಲ್ಲಿ ಕಲಿಯುತ್ತಾರೆ.

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆ ಶೀಟಿನ ಮಾಡಿನ ಮೇಲೆ ಹೊಡೆಯುವಾಗ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಅಂಥ ದಿನ ಸ್ಲೇಟು, ಚೀಟಿ ಬಳಸಿ. ಮಾತಿನಲ್ಲಿ ಹಿಂದೆ ಉಳಿಯುವ ಮಕ್ಕಳು ಬರಹದಲ್ಲಿ, ಚಿತ್ರದಲ್ಲಿ ಮುಂದೆ ಬರುವುದು ಆಗ ಕಾಣುತ್ತದೆ.

ಹಾಡಿಯಿಂದ ಬರೋ ಮಕ್ಕಳು, ಲೈನ್ ಮನೆ ಮಕ್ಕಳು ಬಾಯೇ ಬಿಡಲ್ಲ. ಅವರಿಗೆ ಹೇಳೋಕೆ ಏನೂ ಇರಲ್ವಾ?

ಹಾಡಿ ಎಂದರೆ ಬುಡಕಟ್ಟು ಜನರ ವಸತಿ, ಲೈನ್ ಮನೆ ಎಂದರೆ ತೋಟದ ಕೆಲಸದವರ ಸಾಲುಮನೆ. ಈ ಪ್ರಶ್ನೆ ಬಂದಾಗಲೆಲ್ಲ ನಾನು ಮರುಪ್ರಶ್ನೆ ಕೇಳುತ್ತೇನೆ: ಊಟದ ಬಿಡುವಿನಲ್ಲಿ, ಆಟದ ಬಯಲಿನಲ್ಲಿ ಅದೇ ಮಗು ಮೌನವಾಗಿರುತ್ತದೆಯೇ? ಇರುವುದಿಲ್ಲ. ತನ್ನವರ ಜೊತೆ ಎರವ ನುಡಿಯಲ್ಲೋ ಜೇನು ಕುರುಬರ ನುಡಿಯಲ್ಲೋ ಅಸ್ಸಾಮಿನ ಯಾವುದೋ ತೋಟದ ನುಡಿಯಲ್ಲೋ ಅದು ನಿಲ್ಲದೆ ಮಾತಾಡುತ್ತದೆ. ಹೇಳುವುದು ಬೇಕಾದಷ್ಟಿದೆ, ನಾವು ಕೇಳುವ ಭಾಷೆಯಲ್ಲಿ ಇಲ್ಲ ಅಷ್ಟೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ತಮಿಳು ಮನೆಯಲ್ಲಿ ಆಡುವ ಮಕ್ಕಳೂ ಇದೇ ಕೋಣೆಯಲ್ಲಿದ್ದಾರೆ. ಕನ್ನಡ ಅವರಲ್ಲಿ ಹಲವರಿಗೆ ಎರಡನೆಯದೋ ಮೂರನೆಯದೋ ಭಾಷೆ.

ಹಾಗಾಗಿ ಯೋಚಿಸುವುದು ಮನೆಮಾತಿನಲ್ಲಿ, ಎಲ್ಲರಿಗೂ ಹೇಳುವುದು ಕನ್ನಡದಲ್ಲಿ ಎಂದು ಇಟ್ಟುಕೊಳ್ಳಿ. ಒಂದೇ ಮನೆಮಾತಿನ ಇಬ್ಬರು ಮೊದಲು ತಮ್ಮಲ್ಲೇ ಮಾತಾಡಲಿ, ಆಮೇಲೆ ಕನ್ನಡ ಚೆನ್ನಾಗಿ ಬರುವವರು ಹೇಳಲಿ, ಇನ್ನೊಬ್ಬರು ತಲೆಯಾಡಿಸಲಿ ಅಥವಾ ತಿದ್ದಲಿ. ಆದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿರುವಾಗ ತರಗತಿಯಲ್ಲಿ ಮನೆಮಾತು ಕೇಳಿಸಿದರೆ ಗದರುವುದು ಸರಿಯಲ್ಲ.

ಒಂದು ಎಚ್ಚರವೂ ಬೇಕು. ‘ನೀನು ಜೇನು ಕುರುಬರ ಹುಡುಗ ಅಲ್ವಾ, ಜೇನಿನ ಬಗ್ಗೆ ಹೇಳು’ ಎಂದು ಎಬ್ಬಿಸಿ ನಿಲ್ಲಿಸಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುತ್ತೇವೆ, ಆದರೆ ಆ ಮಗು ಆಗ ತಾನಾಗಿರುವುದಿಲ್ಲ, ಒಂದು ಬುಡಕಟ್ಟಿನ ಪ್ರದರ್ಶನವಾಗುತ್ತದೆ. ಅವನಿಗೆ ಕ್ರಿಕೆಟ್ ಬಗ್ಗೆ ಹೇಳಬೇಕೆನಿಸಿರಬಹುದು. ವಿಷಯ ಎಲ್ಲರಿಗೂ ಒಂದೇ ಇರಲಿ, ಯಾರಿಗೆ ಏನು ಗೊತ್ತಿದೆಯೋ ಅವರೇ ತರಲಿ.

ಇನ್ನು ಗೈರುಹಾಜರಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕುಯ್ಲು ನಡೆಯುವಾಗ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲೇ ಉಳಿಯುವ ಮಕ್ಕಳಿದ್ದಾರೆ. ತರಗತಿ ಸಭೆಯ ತೀರ್ಮಾನಗಳೆಲ್ಲ ಆ ತಿಂಗಳುಗಳಲ್ಲೇ ಆದರೆ ಅವರ ಪಾಲು ಸೊನ್ನೆ. ಮುಖ್ಯವಾದದ್ದನ್ನು ಅವರು ಬಂದ ದಿನ ಮತ್ತೆ ತೆರೆಯಿರಿ.

ಎಲ್ಲರೂ ಮಾತಾಡಿದ್ರೆ ಗಲಾಟೆ. ಹೆಡ್ ಮಾಸ್ಟ್ರು ಬಂದು ಬಾಗಿಲಲ್ಲಿ ನಿಲ್ತಾರೆ. ಆಗ?

ಒಳಗೆ ಕರೆಯಿರಿ. ಯಾವ ಗುಂಪು ಏನು ಮಾಡುತ್ತಿದೆ ಎಂದು ಮಕ್ಕಳೇ ಹೇಳಲಿ. ಹೇಳಲು ಬಂದರೆ ಅದು ಗಲಾಟೆಯಲ್ಲ, ಕೆಲಸದ ಸದ್ದು. ಹೇಳಲು ಬಾರದಿದ್ದರೆ ನೀವು ಕೊಟ್ಟ ಕೆಲಸ ಅಸ್ಪಷ್ಟವಾಗಿತ್ತು ಎಂದು ತಿಳಿದು ಸರಿಪಡಿಸಿ.

ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಕೈಯಲ್ಲಿ ಬೋರ್ಡಿನ ಮೇಲೆ ಬರೆಸುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಮಾತಾಡುವುದೇ ಅಪರಾಧ, ಗೆಳೆಯನ ಮೇಲೆ ದೂರು ಕೊಡುವುದೇ ನಾಯಕತ್ವ ಎಂಬ ಎರಡು ಪಾಠಗಳನ್ನು ಅದು ಪ್ರತಿದಿನ ಕಲಿಸುತ್ತದೆ. ಬದಲಿಗೆ ಜೂನ್ ಮೊದಲ ವಾರ ಮಕ್ಕಳ ಜೊತೆ ಕೂತು ತರಗತಿಯ ನಿಯಮ ಮಾಡಿ. ಐದಕ್ಕಿಂತ ಹೆಚ್ಚು ಬೇಡ, ಒಂದಾದರೂ ಶಿಕ್ಷಕರಿಗೆ ಅನ್ವಯಿಸಲಿ. ಸಾಮಾನ್ಯವಾಗಿ ಮಕ್ಕಳು ಕೇಳುವುದು ‘ಬೈಯುವಾಗ ಅಪ್ಪ ಅಮ್ಮನ ಹೆಸರು ಎತ್ತಬಾರದು’ ಎಂಬಂಥದ್ದು. ಒಪ್ಪಿಕೊಳ್ಳಿ. ದಸರಾ ರಜೆಯ ನಂತರ ಆ ಪಟ್ಟಿಯನ್ನು ಮತ್ತೆ ನೋಡಿ, ಬೇಡವಾದದ್ದನ್ನು ಹೊಡೆದುಹಾಕಿ.

ನಮ್ಮದು ಸಣ್ಣ ಶಾಲೆ. ಒಂದರಿಂದ ಮೂರು ಒಂದೇ ಕೋಣೆ, ಟೀಚರ್ ನಾನೊಬ್ಬಳೇ. ಇದೆಲ್ಲ ಆಗುತ್ತಾ?

ನಿಮಗೇ ಸುಲಭ. ನಲಿ ಕಲಿ ಹುಟ್ಟಿದ್ದು ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ, ಇಂಥದೇ ಶಾಲೆಗಳಿಗಾಗಿ. ಮಗು ತನ್ನ ಕಾರ್ಡನ್ನು ತಾನೇ ಹುಡುಕಿ, ಕಲಿಕೆಯ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ತಾನೇ ನೋಡಿಕೊಂಡು, ಒಂದು ತಟ್ಟೆಯಲ್ಲಿ (ಗುಂಪನ್ನು ಅಲ್ಲಿ ಹೀಗೆ ಕರೆಯುತ್ತಾರೆ) ಟೀಚರ್ ಜೊತೆ, ಇನ್ನೊಂದರಲ್ಲಿ ಗೆಳೆಯರ ಜೊತೆ, ಮತ್ತೊಂದರಲ್ಲಿ ಒಂಟಿಯಾಗಿ ಕಲಿಯುವಾಗ ತನ್ನ ಕಲಿಕೆಯ ಹೊಣೆಯಲ್ಲಿ ಪಾಲು ಪಡೆಯುತ್ತದೆ. ಇನ್ನೂ ಹಿಂದೆ, 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶಿಕ್ಷಣ ತಜ್ಞ ಡೇವಿಡ್ ಹಾರ್ಸ್‌ಬರೋ ಕಟ್ಟಿದ ನೀಲ್‌ಬಾಗ್ ಶಾಲೆಯಲ್ಲೂ ಬೇರೆ ಬೇರೆ ವಯಸ್ಸಿನ ಹಳ್ಳಿ ಮಕ್ಕಳು ಒಟ್ಟಿಗೇ ಕಲಿಯುತ್ತಿದ್ದರು. ನನ್ನ ಚಿಂತೆ ನಾಲ್ಕನೇ ತರಗತಿಯದು. ವೃತ್ತದಲ್ಲಿ ಕೂತಿದ್ದ ಮಗು ಅಲ್ಲಿಗೆ ಬಂದೊಡನೆ ಸಾಲು ಬೆಂಚಿನಲ್ಲಿ ಬೋರ್ಡು ನೋಡುತ್ತ ಕೂರುತ್ತದೆ. ಮೂರು ವರ್ಷದಲ್ಲಿ ಕಲಿತ ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ನಾವೇ ಕಲಿಸುತ್ತೇವೆ.

ಮಳೆ ರಜೆಯಲ್ಲೇ ಎಷ್ಟೋ ದಿನ ಹೋಗುತ್ತೆ, ಪೋರ್ಷನ್ ಮುಗಿಯಲ್ಲ. ಚರ್ಚೆಗೆಲ್ಲ ಟೈಮ್ ಎಲ್ಲಿ?

ಸಮಯದ ಒತ್ತಡ ನಿಜ, ಅದನ್ನು ಹಗುರ ಮಾಡಿ ಮಾತಾಡಲಾರೆ. ಜುಲೈನಲ್ಲಿ ಒಂದು ವಾರ ಪೂರ್ತಿ ಪಾಠ ನಡೆದರೆ ಅದೇ ಭಾಗ್ಯ ಎನ್ನುವ ಹೋಬಳಿಗಳು ನಮ್ಮಲ್ಲಿವೆ. ಆ ಒತ್ತಡವನ್ನು ಮಕ್ಕಳ ಮುಂದೆಯೇ ಇಡಿ. ಉಳಿದ ಘಟಕಗಳು ಇಷ್ಟು, ಉಳಿದ ದಿನಗಳು ಇಷ್ಟು ಎಂದು ಬೋರ್ಡಿನಲ್ಲಿ ಬರೆದು, ಯಾವುದನ್ನು ನೀವೇ ಓದಿಕೊಂಡು ಬರಬಲ್ಲಿರಿ, ಯಾವುದಕ್ಕೆ ನಾನು ಬೇಕೇ ಬೇಕು ಎಂದು ಕೇಳಿ. ಎಂಟನೇ ತರಗತಿಯ ಮಕ್ಕಳು ಇದಕ್ಕೆ ಬಹಳ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ. ಎಸ್ಸೆಸ್ಸೆಲ್ಸಿಯ ಹೆಚ್ಚಿನ ವಿಷಯಗಳಲ್ಲಿ ಲಿಖಿತ ಪರೀಕ್ಷೆಯ 80 ಅಂಕಗಳ ಜೊತೆ ಆಂತರಿಕ ಮೌಲ್ಯಮಾಪನದ 20 ಅಂಕಗಳಿವೆ. ಆ 20ರ ಯೋಜನಾ ಕಾರ್ಯದ ವಿಷಯವನ್ನು ಮಕ್ಕಳೇ ಆರಿಸಿದರೆ ಒಂದೇ ಪ್ರಾಜೆಕ್ಟನ್ನು ಇಡೀ ತರಗತಿ ನಕಲು ಮಾಡುವುದು ತಾನಾಗಿಯೇ ತಪ್ಪುತ್ತದೆ.

ಚರ್ಚೆಯೇ ಪಾಠವಾಗುವ ಜಾಗಗಳೂ ಇವೆ. 1952ರ ಚುನಾವಣೆಯ ನಂತರ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಸೇರಬೇಕೆನ್ನುವವರೂ ಬೇಡವೆನ್ನುವವರೂ ಆಗ ಇದ್ದರು. ತರಗತಿಯಲ್ಲಿ 24 ಮಕ್ಕಳನ್ನು ಶಾಸಕರಾಗಿ ಕೂರಿಸಿ, ಎರಡೂ ಕಡೆಯ ವಾದ ತಯಾರಿಸಲು ಹೇಳಿ, ಮನೆಯ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲು ಕಳಿಸಿ. ರಾಜ್ಯ ಪುನರ್ವಿಂಗಡಣೆ, ವಿಧಾನಸಭೆ, ಬಹುಮತ ಮೂರೂ ಎರಡು ಪಿರಿಯಡ್ಡಿನಲ್ಲಿ ಮುಗಿಯುತ್ತವೆ, ಮರೆತೂ ಹೋಗುವುದಿಲ್ಲ.

## ಪೋಷಕರ ಪ್ರಶ್ನೆಗಳು

ನೀವು ಮಾತಾಡಿ ಮಾತಾಡಿ ಅಂತ ಕಲಿಸಿದ್ದೀರಿ, ಈಗ ಮಗಳು ಮನೆಯಲ್ಲಿ ಎದುರು ಮಾತಾಡ್ತಾಳೆ. ಹಿರಿಯರಿಗೆ ಮರ್ಯಾದೆ ಬೇಡ್ವಾ?

ಬೇಕು, ಖಂಡಿತ ಬೇಕು. ಹಬ್ಬ ಹರಿದಿನಗಳಲ್ಲಿ ಹಿರಿಯರ ಕಾಲು ಮುಟ್ಟಿ ಆಶೀರ್ವಾದ ಪಡೆಯುವ ನಾಡು ನಮ್ಮದು, ಅದನ್ನು ಬಿಡಿಸುವ ಉದ್ದೇಶ ಯಾರಿಗೂ ಇಲ್ಲ. ಮಗಳು ಏನು ಹೇಳಿದಳು, ಹೇಗೆ ಹೇಳಿದಳು ಎಂಬುದನ್ನು ಬೇರೆ ಬೇರೆ ಮಾಡಿ ನೋಡಿ. ‘ಅಪ್ಪಾ, ಅಣ್ಣನಿಗೆ ಸೈಕಲ್ ಕೊಟ್ಟಿರಿ, ನಾನ್ಯಾಕೆ ನಡೆಯಬೇಕು?’ ಎಂದರೆ ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಒರಟಾಗಿ ಹೇಳಿದ್ದರೆ ಒರಟುತನವನ್ನು ತಿದ್ದಿ, ಪ್ರಶ್ನೆಯನ್ನು ಹಾಗೇ ಉಳಿಸಿ. ಬಸ್ಸಿನಲ್ಲಿ, ತೋಟದ ದಾರಿಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡಾಗ ಅವಳು ನಿಮ್ಮ ಬಳಿ ಬಂದು ಹೇಳುವುದು ಇದೇ ಅಭ್ಯಾಸದಿಂದ.

ಎಸ್‌ಡಿಎಂಸಿಯಲ್ಲಿ ನಾವು ಪೋಷಕರೇ ಇದ್ದೀವಲ್ಲ. ಮಕ್ಕಳ ಪರವಾಗಿ ನಾವು ಹೇಳಿದ್ರೆ ಆಗಲ್ವಾ?

ಅರ್ಧ ಆಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಂಥ (ಎಸ್‌ಡಿಎಂಸಿ) ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಆದರೆ ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕಿತ್ತುಹೋಗಿರುವುದು ಅದನ್ನು ಬಳಸುವವರಿಗೇ ಗೊತ್ತು. ಪ್ರತಿ ಸಭೆಗೆ ಮೊದಲು ಮಕ್ಕಳು ಒಂದು ಪುಟದ ಪಟ್ಟಿ ಬರೆದು ಕೊಡಲಿ, ಅದನ್ನು ಓದಿದ ಮೇಲೆಯೇ ಬೇರೆ ವಿಷಯ ಎತ್ತಿಕೊಳ್ಳಿ.

## ಕಷ್ಟದ ಪ್ರಶ್ನೆಗಳು

ಮಕ್ಕಳೆಲ್ಲ ಸೇರಿ ಬಹುಮತದಿಂದ ಒಬ್ಬ ಹುಡುಗನನ್ನ ಗುಂಪಿಂದ ಹೊರಗಿಡ್ತೀವಿ ಅಂದ್ರೆ?

ಅದು ಮತಕ್ಕೆ ಬರುವ ವಿಷಯವೇ ಅಲ್ಲ ಎಂದು ಸ್ಪಷ್ಟವಾಗಿ ಹೇಳಿ. ಯಾರ ಪಕ್ಕ ಯಾರು ಉಣ್ಣಬೇಕು, ಯಾರನ್ನು ಆಟಕ್ಕೆ ಸೇರಿಸಬಾರದು, ಯಾರ ತಪ್ಪಿಗೆ ಎಂಥ ಅವಮಾನ ಎಂಬ ತೀರ್ಮಾನಗಳಿಗೆ ಬಹುಮತ ಸಾಲುವುದಿಲ್ಲ. ಪ್ರತಿ ಮಗುವಿನ ಘನತೆ ಓಟಿಗಿಂತ ಮೇಲಿದೆ. ನಮ್ಮಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ತೋಟದ ಯಜಮಾನರ ಮಗುವೂ ಅದೇ ತೋಟದ ಕೆಲಸದವರ ಮಗುವೂ ಒಂದೇ ಬೆಂಚಿನಲ್ಲಿ ಕೂರಬಹುದು. ಹೊರಗಿನ ಬಲಾಬಲ ಬಾಗಿಲಲ್ಲೇ ನಿಂತುಬಿಡುವುದಿಲ್ಲ, ಓಟಿನಲ್ಲೂ ಬರುತ್ತದೆ.

ಹಾಗೆಂದು ಆ ಹುಡುಗನ ಮೇಲೆ ಮಕ್ಕಳಿಗಿರುವ ದೂರನ್ನು ಬದಿಗೆ ಸರಿಸಬೇಡಿ. ಪೋಲೆಂಡಿನ ವೈದ್ಯ, ಶಿಕ್ಷಕ ಯಾನುಶ್ ಕೋರ್ಚಾಕ್ ವಾರ್ಸಾದ ತಮ್ಮ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯ ನಡೆಸಿದರು. ಅಲ್ಲಿ ಮಕ್ಕಳು ಮಕ್ಕಳ ಮೇಲಷ್ಟೇ ಅಲ್ಲ, ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಕೋರ್ಚಾಕ್ ಕೂಡ ಅದರ ಮುಂದೆ ನಿಂತಿದ್ದರು. ಆ ನ್ಯಾಯಾಲಯದ ನಿಯಮಗಳು ಬಹುಮಟ್ಟಿಗೆ ಕ್ಷಮೆಯ ಕಡೆಗೇ ವಾಲಿದ್ದವು. ತರಗತಿ ಸಭೆಯಲ್ಲಿ ಇದನ್ನೇ ಪಾಲಿಸಬಹುದು: ಯಾರಿಗೆ ನೋವಾಯಿತೋ ಅವರು ಮೊದಲು ಹೇಳಲಿ, ಆರೋಪ ಹೊತ್ತವನೂ ಪೂರ್ತಿ ಹೇಳಲಿ, ಆಮೇಲೆ ಇದನ್ನು ಸರಿಮಾಡಲು ಏನು ಮಾಡೋಣ ಎಂದಷ್ಟೇ ಕೇಳಿ.

ಆನೆ, ಹಾಡಿ ಒಕ್ಕಲೆಬ್ಬಿಸಿದ್ದು, ಭೂಕುಸಿತ... ಇಂಥ ವಿಷಯ ಕ್ಲಾಸಲ್ಲಿ ಎತ್ತಿದ್ರೆ ಊರಲ್ಲಿ ಜಗಳ ಆಗಲ್ವಾ?

ಮಕ್ಕಳು ಎತ್ತಿಯೇ ಎತ್ತುತ್ತಾರೆ, ನಾವು ಎತ್ತದಿದ್ದರೂ. ಫಾರೆಸ್ಟ್ ಗಾರ್ಡ್ ಮಗ, ಭತ್ತದ ಗದ್ದೆ ಆನೆ ತುಳಿದ ಮನೆಯ ಮಗಳು, 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡವರ ನೆಂಟರ ಮಗು ಒಂದೇ ಕೋಣೆಯಲ್ಲಿದ್ದರೆ ಮೂವರ ಸತ್ಯವೂ ಆ ಕೋಣೆಯಲ್ಲಿದೆ. ನೀವು ಯಾವ ಪಕ್ಷವನ್ನೂ ವಹಿಸದೆ, ಗೊತ್ತಿರುವ ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂದು ಬೋರ್ಡಿನ ಎರಡು ಬದಿ ಬರೆಯಿರಿ. ಮನೆಯವರ ಹೆಸರು ಹಿಡಿದು ಮಾತಾಡುವಂತಿಲ್ಲ ಎಂಬ ನಿಯಮ ಮೊದಲೇ ಇರಲಿ.

ಭೂಕುಸಿತದ ಮಾತು ಬೇರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಇಳಿದದ್ದನ್ನು ಕಂಡ ಮನೆಗಳ ಮಕ್ಕಳಿಗೆ ಜೋರು ಮಳೆಯೆಂದರೆ ಇಂದಿಗೂ ಪಾಠದ ವಿಷಯವಲ್ಲ. ಅಂಥ ಮಗುವಿಗೆ ಮಾತಾಡುವ ಹಕ್ಕಿನಷ್ಟೇ ಮಾತಾಡದೆ ಇರುವ ಹಕ್ಕೂ ಇದೆ. ಎದ್ದು ಹೊರಗೆ ಹೋಗಬೇಕೆನಿಸಿದರೆ ಹೋಗಲಿ, ಯಾರಾದರೊಬ್ಬರು ಜೊತೆಗಿರಲಿ.

ಸಲಹಾ ಪೆಟ್ಟಿಗೆಯಲ್ಲಿ ಒಂದು ಚೀಟಿಯಲ್ಲಿ ಗಂಭೀರ ವಿಷಯ ಬಂದ್ರೆ? ಯಾರಿಗೂ ಹೇಳಬೇಡಿ ಅಂತ ಮಗು ಬರೆದಿದ್ರೆ?

ಆ ಮಾತು ಕೊಡಲು ಆಗುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಶಾಲೆಯ ಮಾನ, ಊರಿನ ಮಾನ ಯಾವುದೂ ಇದಕ್ಕೆ ಅಡ್ಡ ಬರಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ನೀವೇ ತನಿಖೆಗೆ ಇಳಿಯಬೇಡಿ, ಮಗುವನ್ನು ಮತ್ತೆ ಮತ್ತೆ ವಿವರ ಕೇಳಬೇಡಿ, ಮಗುವಿನ ಹೆಸರು ಸ್ಟಾಫ್ ರೂಮಿನಲ್ಲಿ ಓಡಾಡಲು ಬಿಡಬೇಡಿ. ಪೆಟ್ಟಿಗೆ ಇಡುವ ದಿನವೇ ಮಕ್ಕಳಿಗೆ ಹೇಳಿಬಿಡಿ: ನಿಮ್ಮ ಮಾತನ್ನು ಎಲ್ಲರ ಮುಂದೆ ಓದುವುದಿಲ್ಲ, ಆದರೆ ನಿಮಗೆ ಅಪಾಯವಿದ್ದರೆ ನೆರವಾಗಬಲ್ಲವರಿಗೆ ಹೇಳಿಯೇ ಹೇಳುತ್ತೇನೆ. ಪೆಟ್ಟಿಗೆಯ ಬೀಗ ತೆಗೆಯುವುದು ಯಾರು, ಯಾವ ದಿನ ಎಂಬುದೂ ಎಲ್ಲರಿಗೂ ಗೊತ್ತಿರಲಿ.

ಮಕ್ಕಳು ಕೇಳೋದು ನಮ್ಮ ಕೈಯಲ್ಲೇ ಇರಲ್ಲ. ಬಸ್ಸು, ಆನೆ ದಾರಿ, ಕಾಂಪೌಂಡು. ಕೇಳಿ ಸುಮ್ಮನೆ ಆಸೆ ಹುಟ್ಟಿಸೋದು ಯಾಕೆ?

ಈ ಎಲ್ಲ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದು. ಬೆಲ್‌ಫಾಸ್ಟಿನ ಸಂಶೋಧಕಿ ಲಾರಾ ಲುಂಡಿ 2007ರಲ್ಲಿ ಮಕ್ಕಳ ದನಿಗೆ ನಾಲ್ಕು ಅಗತ್ಯಗಳನ್ನು ಹೇಳಿದರು: ಹೇಳಲು ಜಾಗ, ಹೇಳಲು ನೆರವು, ಕೇಳುವ ಅಧಿಕಾರವುಳ್ಳ ಕಿವಿ, ಹೇಳಿದ್ದರ ಪರಿಣಾಮ. ನಾವು ಮೊದಲ ಎರಡನ್ನು ಮಾಡಿ ಉಳಿದೆರಡನ್ನು ಬಿಡುತ್ತೇವೆ. ಮಗು ಹೇಳಿದ್ದು ಆಗದೇ ಇರಬಹುದು. ಏನಾಯಿತು, ಯಾಕೆ ಆಗಲಿಲ್ಲ ಎಂದು ಯಾರೂ ಹಿಂದಿರುಗಿ ಹೇಳದಿದ್ದರೆ ಮಾತ್ರ ಆ ಮಗು ಮತ್ತೆ ಹೇಳುವುದಿಲ್ಲ.

ಅಧಿಕಾರವುಳ್ಳ ಕಿವಿ ನಮ್ಮ ರಾಜ್ಯದಲ್ಲಿ ಇದೆ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಸದಸ್ಯರು, ಇಲಾಖೆಯವರು ಕೂರುತ್ತಾರೆ. ಅದಕ್ಕೆ ಹೋಗುವ ಮುನ್ನ ತರಗತಿಯಲ್ಲಿ ತಯಾರಾಗಿ. ‘ಬಸ್ಸು ಸರಿಯಿಲ್ಲ’ ಎಂದರೆ ಯಾರೂ ಏನೂ ಮಾಡಲಾರರು. ಯಾವ ಬಸ್ಸು, ಎಷ್ಟು ಗಂಟೆಯದು, ಎರಡು ವಾರದಲ್ಲಿ ಯಾವ ಯಾವ ದಿನ ಬರಲಿಲ್ಲ, ಎಷ್ಟು ಮಕ್ಕಳು ಮೊದಲ ಪಿರಿಯಡ್ ಕಳೆದುಕೊಂಡರು ಎಂದು ಮಕ್ಕಳೇ ಬರೆದಿಟ್ಟ ಪಟ್ಟಿ ಮುಂದಿಟ್ಟರೆ ಅಧಿಕಾರಿ ಉತ್ತರಿಸಲೇಬೇಕು. ಆನೆ ಓಡಾಡುವ ದಾರಿಯ ನಕ್ಷೆಯನ್ನು ಮಕ್ಕಳಿಗಿಂತ ಚೆನ್ನಾಗಿ ಬರೆಯುವವರು ಅರಣ್ಯ ಇಲಾಖೆಯಲ್ಲೂ ಕಡಿಮೆ. ಪಂಚಾಯಿತಿಯ ಕೈಗೆ ಬಾರದ್ದನ್ನು ಡಿಪೋಗೋ ಅರಣ್ಯ ಇಲಾಖೆಗೋ ಪತ್ರವಾಗಿ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ತರಗತಿಯ ಗೋಡೆಗೆ ಒಂದು ಹಾಳೆ ಅಂಟಿಸಿ. ಏನು ಕೇಳಿದೆವು, ಯಾರನ್ನು ಕೇಳಿದೆವು, ಯಾವ ತಾರೀಕು, ಏನು ಉತ್ತರ ಬಂತು. ನಾಲ್ಕನೇ ಕಾಲಂ ಖಾಲಿಯಿದ್ದರೆ ಖಾಲಿಯೇ ಇರಲಿ, ಮುಂದಿನ ಸಭೆಗೆ ಮಕ್ಕಳು ಆ ಹಾಳೆಯನ್ನೇ ಬಿಡಿಸಿಕೊಂಡು ಹೋಗಲಿ.